ರುಜುವಿಗೂ ರುಜುವಾತು

ಹೆಸರು ಬರೆದು ಕೆಳಗೊಂದು ಗೆರೆ ಎಳೆಯುವ ಕೆಲಸಕ್ಕೆ ಕನ್ನಡದಲ್ಲಿ ಅದೆಷ್ಟು ಮಾತು: ರುಜು, ಸಹಿ, ದಸ್ಕತ್ತು, ಅಂಕಿತ, ಹಸ್ತಾಕ್ಷರ, ಒಪ್ಪ. ಸಾಲದ್ದಕ್ಕೆ ಆಟೋಗ್ರಾಫ್ ಬೇರೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡಿ, ಕಿವಿ ಒಪ್ಪುವುದಿಲ್ಲ. ಚೆಕ್ಕಿಗೆ ಸಹಿ, ಮಸೂದೆಗೆ ರಾಜ್ಯಪಾಲರ ಅಂಕಿತ, ಹಾಜರಿ ಪುಸ್ತಕದಲ್ಲಿ ರುಜು. ಸಿನಿಮಾ ನಟನ ಮುಂದೆ ನೋಟುಬುಕ್ಕು ಹಿಡಿದು ‘ಅಣ್ಣಾ, ಇಲ್ಲೊಂದು ರುಜು ಹಾಕಿ’ ಎಂದರೆ, ಯಾವುದೋ ಸಾಲಕ್ಕೆ ಜಾಮೀನು ಕೇಳುತ್ತಿದ್ದಾರೆಂದು ಅವನು ಹೆದರಿಯಾನು.

ಇವುಗಳಲ್ಲಿ ನನಗೆ ಇಷ್ಟವಾದದ್ದು ರುಜು. ನೇರ, ಸರಳ ಎಂಬರ್ಥದ ಸಂಸ್ಕೃತದ ಋಜುವಿಗೂ ಇದಕ್ಕೂ ನಂಟು ಹಚ್ಚುವವರಿದ್ದಾರೆ. ಪ್ರಾಮಾಣಿಕರು ಹಾಕುವುದೇ ರುಜು ಎಂದು ಕೇಳಲಿಕ್ಕೆ ಚೆನ್ನಾಗಿಯೂ ಇದೆ. ನಂಟು ಮಾತ್ರ ಇದ್ದಂತಿಲ್ಲ. ಇದು ಅರಬ್ಬಿಯಿಂದ ಹೊರಟು, ಪಾರಸಿ ಮರಾಠಿಗಳ ಕೈದಾಟಿ ನಮ್ಮ ಕಚೇರಿಗೆ ಬಂದ ಮಾತು. ಮೂಲದಲ್ಲಿ ‘ಮರಳುವುದು’ ಎಂದರ್ಥ. ಕಚೇರಿಯಲ್ಲಿ ಅದು ನಕಲಿನಿಂದ ಅಸಲಿಗೆ ಮರಳಿ, ಎರಡನ್ನೂ ತಾಳೆ ನೋಡುವ ಕೆಲಸವಾಯಿತು. ತಾಳೆಯಾದರೆ ಮಾತು ಸಿದ್ಧವಾದಂತೆ. ಅದಕ್ಕೇ ರುಜುವಾತು ಎಂದರೆ ಪುರಾವೆ. ಸಹಿಯೂ ಅರಬ್ಬಿಯದೇ, ‘ಸರಿಯಾಗಿದೆ’ ಎಂಬ ಮಾತು. ಹೆಸರು ಬರೆಯುವುದಕ್ಕಿಂತ ಮೊದಲು ಇವೆರಡೂ ಲೆಕ್ಕ ನೋಡುವವನ ಶಬ್ದಗಳು.

ಇವು ಬರುವ ಮೊದಲು ನಮ್ಮಲ್ಲಿ ಇದ್ದದ್ದು ಒಪ್ಪ. ಒಪ್ಪಿಗೆ, ಒಪ್ಪಂದಗಳ ಮನೆಯ ಮಾತು. ಶಾಸನಗಳಲ್ಲಿ ‘ಸ್ವಹಸ್ತದ ಒಪ್ಪ’ ಎಂದು ಬರುತ್ತದೆ. ವಿಜಯನಗರದ ತಾಮ್ರಶಾಸನ ನೋಡಿದವರಿಗೆ ಗೊತ್ತು: ಉದ್ದಕ್ಕೂ ಸಂಸ್ಕೃತ, ನಂದಿನಾಗರಿ ಲಿಪಿ. ಕೊನೆಗೆ ಮಾತ್ರ ಕನ್ನಡ ಲಿಪಿಯಲ್ಲಿ, ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ, ‘ಶ್ರೀ ವಿರೂಪಾಕ್ಷ’. ರಾಜ ಬುಕ್ಕನಿರಲಿ, ದೇವರಾಯನಿರಲಿ, ಒಪ್ಪ ಅದೇ. ಅದು ರಾಜನ ಹೆಸರಲ್ಲ, ರಾಜ್ಯದ ಒಡೆಯನೆಂದು ಅವನು ನಂಬಿದ ದೇವರ ಹೆಸರು. ತಾಮ್ರಪಟದ ಮೇಲೆ ಕೆತ್ತಿದ್ದಂತೂ ಆಚಾರಿಯ ಉಳಿ. ಅಲ್ಲಿಗೆ ಹೆಸರೂ ರಾಜನದಲ್ಲ, ಕೈಯೂ ರಾಜನದಲ್ಲ, ಆದರೂ ಒಪ್ಪ ರಾಜನದೇ. ವಚನಕಾರರ, ದಾಸರ ಅಂಕಿತವೂ ಇದೇ ದಾರಿಯದು. ಬಸವಣ್ಣನ ರುಜು ಕೂಡಲಸಂಗಮದೇವ. ‘ಇದು ನನ್ನದು’ ಎನ್ನಬೇಕಾದ ಕಡೆ ‘ನಾನು ಇಂಥವನವನು’ ಎನ್ನುವ ರೀತಿ. ಪುರಂದರವಿಠಲ ಎಂಬ ಅಂಕಿತ ಹಾಕಿಕೊಂಡು ಯಾರ ಯಾರದೋ ಹಾಡುಗಳು ಓಡಾಡುತ್ತಿವೆ ಎಂದು ವಿದ್ವಾಂಸರು ತಲೆ ಚಚ್ಚಿಕೊಳ್ಳುವುದು ಬೇರೆ ಕಥೆ.

ದೊಡ್ಡವರ ಪತ್ರಗಳನ್ನೂ ರುಜುಗಳನ್ನೂ ಕೂಡಿಡುವ ಹವ್ಯಾಸದವರಿಗೆ ಇದಾವುದೂ ನಡೆಯುವುದಿಲ್ಲ. ಅವರಿಗೆ ಆ ಕೈಯೇ ಬೇಕು. ಹದಿನಾರನೆಯ ಶತಮಾನದ ಜರ್ಮನ್ ವಿದ್ಯಾರ್ಥಿಗಳು ಗುರುಗಳಿಂದ, ಗೆಳೆಯರಿಂದ ನಾಲ್ಕು ಸಾಲು ಬರೆಸಿಕೊಳ್ಳಲು ಸ್ನೇಹದ ಪುಸ್ತಕ ಇಟ್ಟುಕೊಂಡು ಊರೂರು ತಿರುಗುತ್ತಿದ್ದರು. ವಿಟನ್‌ಬರ್ಗಿನಲ್ಲಿ ಲೂಥರ್, ಮೆಲಾಂಕ್ಥನ್ ಅವರೂ ಇಂಥ ಪುಸ್ತಕಗಳಲ್ಲಿ ಬರೆದರು. ಇಂಗ್ಲೆಂಡಿನಲ್ಲಿ 1840ರ ತನಕ ಪಾರ್ಲಿಮೆಂಟಿನ ಸದಸ್ಯರು ಲಕೋಟೆಯ ಮೇಲೆ ಹೆಸರು ಬರೆದರೆ ಅಂಚೆ ಪುಕ್ಕಟೆ. ಜನ ಆ ಲಕೋಟೆಯ ಮುಖವನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡರು. ಒಳಗಿದ್ದ ಪತ್ರ ಏನಾಯಿತೋ ಯಾರೂ ವಿಚಾರಿಸಲಿಲ್ಲ. ಕತ್ತರಿ ಹಿಡಿದ ಸಂಗ್ರಾಹಕರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ‘ಇಂತಿ ತಮ್ಮ ವಿಶ್ವಾಸಿ’ಯ ಕೆಳಗಿನದನ್ನು ಮಾತ್ರ ಇಟ್ಟುಕೊಂಡು ಮೇಲಿನ ವಿಶ್ವಾಸವನ್ನೆಲ್ಲ ಒಲೆಗೆ ಹಾಕಿದವರು ಅವರು.

ಅಮೆರಿಕದ ವಿಲಿಯಂ ಸ್ಪ್ರೇಗ್ ಎಂಬ ಪಾದ್ರಿ ಕತ್ತರಿ ಹಿಡಿಯಲಿಲ್ಲ. ಇನ್ನೂ ತರುಣನಾಗಿದ್ದಾಗ ಜಾರ್ಜ್ ವಾಷಿಂಗ್ಟನ್ನರ ಬಂಧುಗಳ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆತ, ವಾಷಿಂಗ್ಟನ್ನರಿಗೆ ಬಂದಿದ್ದ ಪತ್ರಗಳಲ್ಲಿ ಬೇಕಾದ್ದನ್ನು ಒಯ್ಯಲು ಅನುಮತಿ ಕೇಳಿದ. ಸಿಕ್ಕಿತು, ಒಂದು ಷರತ್ತಿನ ಮೇಲೆ: ಒಯ್ದ ಪ್ರತಿ ಪತ್ರಕ್ಕೂ ನಕಲು ಬರೆದಿಡಬೇಕು. ಸುಮಾರು 1,500 ಪತ್ರಗಳು ಹೀಗೆ ಹೋದವು. ಅಸಲು ಪಾದ್ರಿಗೆ, ನಕಲು ಮನೆಯವರಿಗೆ. ಮಜಕೂರು ಮುಖ್ಯ, ಕಾಗದ ಯಾವುದಾದರೇನು ಎಂದು ಮನೆಯವರು ಭಾವಿಸಿದ್ದರು. ಆ ಕಾಲಕ್ಕೆ ಅದೇ ವಿವೇಕ.

ಕಾಗದವೇ ಮುಖ್ಯವಾದ ಮೇಲೆ ಬೆಲೆ ಕಟ್ಟುವ ರೀತಿಯೂ ವಿಚಿತ್ರವಾಯಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರು 56 ಮಂದಿ. ಆ 56ನ್ನೂ ಪೂರ್ತಿ ಮಾಡಬೇಕೆಂಬ ಹಟ ಸಂಗ್ರಾಹಕರದು. ಅವರೆಲ್ಲ ಮುಗ್ಗರಿಸುವುದು ಜಾರ್ಜಿಯಾದ ಬಟನ್ ಗ್ವಿನೆಟ್ ಎಂಬವನ ಹತ್ತಿರ. ಘೋಷಣೆಯಾಗಿ ವರ್ಷ ತುಂಬುವ ಮೊದಲೇ, 1777ರಲ್ಲಿ, ಪಿಸ್ತೂಲಿನ ದ್ವಂದ್ವಯುದ್ಧದಲ್ಲಿ ಗಾಯಗೊಂಡು ಸತ್ತ. ಅವನ ರುಜು ಉಳಿದಿರುವುದು ಕೆಲವು ಡಜನ್ ಮಾತ್ರ. 2010ರಲ್ಲಿ ಒಂದು ಏಳು ಲಕ್ಷ ಡಾಲರಿಗೂ ಮೇಲೆ ಹೋಯಿತು. ಜೆಫರ್ಸನ್ನನಂತೆ ಬದುಕಿ, ಸಾವಿರಾರು ಪತ್ರ ಬರೆದಿದ್ದರೆ ಅಷ್ಟು ಬಾಳುತ್ತಿರಲಿಲ್ಲ.

ಇಷ್ಟು ದುಡ್ಡು ಓಡಾಡುವ ಕಡೆ ಖೋಟಾ ಬಾರದಿರುತ್ತದೆಯೇ? ಈ ವಿದ್ಯೆಯ ಚಕ್ರವರ್ತಿ ಪ್ಯಾರಿಸಿನ ವ್ರೆನ್ ಲೂಕಾ. 1860ರ ದಶಕದಲ್ಲಿ ಅವನು ಮಿಶೆಲ್ ಶಾಲ್ ಎಂಬ ಹೆಸರಾಂತ ಗಣಿತಜ್ಞರಿಗೆ 27,000ಕ್ಕೂ ಹೆಚ್ಚು ಪತ್ರಗಳನ್ನು ಮಾರಿದ. ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಅವುಗಳ ಮೇಲೆ ಬರೆಯುತ್ತಿದ್ದ. ಗುರುತ್ವಾಕರ್ಷಣೆಯನ್ನು ಮೊದಲು ಕಂಡದ್ದು ನ್ಯೂಟನ್ ಅಲ್ಲ, ನಮ್ಮ ಪಾಸ್ಕಲ್ ಎಂದು ತೋರಿಸುವ ಪತ್ರಗಳೂ ಅದರಲ್ಲಿದ್ದವು. ಶಾಲ್ ಅವನ್ನು 1867ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಆ ಪತ್ರಗಳ ತಾರೀಖಿನ ಹೊತ್ತಿಗೆ ನ್ಯೂಟನ್ ಇನ್ನೂ ಚಿಕ್ಕ ಹುಡುಗ ಎಂದು ಯಾರೋ ಲೆಕ್ಕ ತೆಗೆದರು. ಸರಿ, ಹುಡುಗ ನ್ಯೂಟನ್ ಎಂಥ ಚುರುಕು ಎಂದು ಹೊಗಳುವ ಪತ್ರಗಳೂ ಹುಟ್ಟಿಕೊಂಡವು. ಉಳಿದ ಕಟ್ಟುಗಳನ್ನು ಬಿಚ್ಚಿದರೆ ಕ್ಲಿಯೋಪಾತ್ರ, ಅಲೆಕ್ಸಾಂಡರ್, ಮಗ್ದಲದ ಮರಿಯ! ಎಲ್ಲರೂ ಫ್ರೆಂಚಿನಲ್ಲಿ ಬರೆದಿದ್ದರು. 1870ರಲ್ಲಿ ಲೂಕಾನಿಗೆ ಎರಡು ವರ್ಷ ಜೈಲಾಯಿತು. ರೇಖಾಗಣಿತದಲ್ಲಿ ಒಂದು ಹೆಜ್ಜೆಯನ್ನೂ ಪುರಾವೆಯಿಲ್ಲದೆ ಇಡದ ಶಾಲ್, ರುಜುವೊಂದು ಕಂಡಿತೆಂದರೆ ರುಜುವಾತು ಕೇಳುವುದನ್ನು ಮರೆತರು. ದೇಶಾಭಿಮಾನ ಸೇರಿಕೊಂಡರೆ ಯಾರಿಗಾದರೂ ಹೀಗೆ ಆದೀತು.

ಈಗ ಪರೀಕ್ಷಿಸುವವರು ಭೂತಗನ್ನಡಿ ಹಿಡಿದು ನೋಡುವುದು ಅಕ್ಷರದ ಆಕಾರವನ್ನಲ್ಲ, ಓಟವನ್ನು. ತನ್ನ ಹೆಸರನ್ನು ತಾನೇ ಬರೆಯುವವನ ಲೇಖನಿ ಕಾಗದಕ್ಕೆ ತಾಕುವ ಮೊದಲೇ ಓಡುತ್ತಿರುತ್ತದೆ, ಬಿಟ್ಟ ಮೇಲೂ ಓಡುತ್ತದೆ. ಗೆರೆಯ ತುದಿಗಳು ಸಪೂರ. ಖೋಟಾದವನು ಚಿತ್ರ ಬಿಡಿಸುತ್ತಾನೆ. ತಿರುವಿನಲ್ಲಿ ನಿಲ್ಲುತ್ತಾನೆ, ನಿಂತಲ್ಲಿ ಶಾಯಿ ಗುಂಡಗೆ ಕೂರುತ್ತದೆ. ಹಳೆಯ ಕಾಗದದ ಗಂಜಿ ಸತ್ತಿರುವುದರಿಂದ ಹೊಸ ಶಾಯಿ ಅಂಚಿನಲ್ಲಿ ಹಬ್ಬುತ್ತದೆ. ಇನ್ನೊಂದು ತಮಾಷೆ: ಎರಡು ರುಜು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂತರೆ, ಒಂದಾದರೂ ಸುಳ್ಳೆಂದೇ ಅರ್ಥ, ಇಲ್ಲವೇ ಎರಡನ್ನೂ ಯಂತ್ರ ಹಾಕಿದೆ. ಕೆನಡಿ ಕಾಲದ ವೈಟ್ ಹೌಸ್ ಪತ್ರಗಳಲ್ಲಿ ಇಂಥ ಯಂತ್ರದ ರುಜು ಬೇಕಾದಷ್ಟಿವೆ. ನಮ್ಮ ಬ್ಯಾಂಕಿನವರು ಮಾತ್ರ ‘ಸಾರ್, ಸಹಿ ಮ್ಯಾಚ್ ಆಗ್ತಿಲ್ಲ’ ಎಂದು ಚೆಕ್ಕು ವಾಪಸು ಕೊಡುತ್ತಾರೆ.

ಕೇಳಿ ಬರುವವರನ್ನು ನಿಭಾಯಿಸುವುದರಲ್ಲೂ ದೊಡ್ಡವರ ಸ್ವಭಾವ ತಿಳಿಯುತ್ತದೆ. ಗಾಂಧಿ ರುಜುವಿಗೆ ಐದು ರೂಪಾಯಿ ತೆಗೆದುಕೊಂಡು ಹರಿಜನ ನಿಧಿಗೆ ಹಾಕುತ್ತಿದ್ದರು. ಟಾಗೋರರಿಗೆ ಬರೀ ಹೆಸರು ಬರೆದು ಕಳಿಸಲು ಮನಸ್ಸಾಗುತ್ತಿರಲಿಲ್ಲ. ಬಾಲಕ ಸತ್ಯಜಿತ್ ರಾಯ್ ಚಾಚಿದ ಪುಸ್ತಕದಲ್ಲಿ ಎಂಟು ಸಾಲಿನ ಪದ್ಯವನ್ನೇ ಬರೆದುಕೊಟ್ಟರು. ಚೀನಾ, ಜಪಾನುಗಳಲ್ಲಿ ಜನ ಬೀಸಣಿಗೆ, ರೇಷ್ಮೆಬಟ್ಟೆ ಚಾಚಿ ಬರೆಸಿಕೊಂಡ ಇಂಥ ಚುಟುಕಗಳಿಂದಲೇ ಅವರ ‘ಲೇಖನ್’ ಹುಟ್ಟಿತು. ಅದನ್ನು ಅಚ್ಚಿನ ಮೊಳೆಯಲ್ಲಿ ಜೋಡಿಸದೆ ಅವರ ಕೈಬರಹದಲ್ಲೇ ಮುದ್ರಿಸಿದರು.

ಗಾಂಧಿ ಮತ್ತು ಅವರ ಗೆಳೆಯ ಕಾಲೆನ್‌ಬಾಕ್‌ಗೆ ಸಂಬಂಧಿಸಿದ ಪತ್ರಗಳ ಕಟ್ಟು 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ, ಕೂಗುವ ಮೊದಲೇ ಭಾರತ ಸರ್ಕಾರ ಸುಮಾರು ಏಳು ಲಕ್ಷ ಪೌಂಡು ಕೊಟ್ಟು ಕೊಂಡುಕೊಂಡಿತು. ದೇಶದೊಳಗೆ ಇರುವುದನ್ನು ಹೊರಗೆ ಬಿಡದಿರಲು 1972ರ ಪುರಾತನ ವಸ್ತುಗಳ ಕಾಯಿದೆಯಿದೆ. ಚಾರಿತ್ರಿಕ, ಸಾಹಿತ್ಯಿಕ ಮಹತ್ವದ ಬರಹಕ್ಕೆ 75 ವರ್ಷ ತುಂಬಿದರೆ ಅದು ಪುರಾತನ ವಸ್ತು. ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. 1950ರಲ್ಲಿ ಮಾಸ್ತಿಯವರೋ ಡಿ.ವಿ.ಜಿ.ಯವರೋ ನಿಮ್ಮ ಅಜ್ಜನಿಗೆ ಬರೆದ ಕಾರ್ಡು ಅಟ್ಟದ ಟ್ರಂಕಿನಲ್ಲಿದ್ದರೆ ಅದಕ್ಕೂ ವಯಸ್ಸಾಯಿತು. ಅಮೆರಿಕದಿಂದ ಬಂದ ಮೊಮ್ಮಗ ಫ್ರೇಮು ಹಾಕಿಸಿಕೊಳ್ಳುತ್ತೇನೆ ಎಂದು ಸೂಟ್‌ಕೇಸಿಗೆ ತುಂಬಿಕೊಳ್ಳುವ ಮೊದಲು ಇದನ್ನು ಹೇಳಬೇಕು. ಒಳ್ಳೆಯ ನಕಲೊಂದನ್ನು ತೆಗೆಸಿ ಅವನ ಕೈಗೆ ಕೊಟ್ಟರಾಯಿತು. ಸ್ಪ್ರೇಗ್ ಪಾದ್ರಿ ಮಾಡಿದ್ದು ಇದರ ತದ್ವಿರುದ್ಧ.