ಬರುವಾಗಲೇ ಹಳೇದಾಗಿದ್ದ ಬಟ್ಟೆ

ಹಳೇ ಬಟ್ಟೆಯ ಮೇಲೆ ಮನುಷ್ಯನಿಗೆ ಮಮತೆ ಇರುತ್ತದೆ. ಸತ್ತ ತಾಯಿಯ ಸೀರೆ, ಅಪ್ಪನ ಕೋಟು, ಅಜ್ಜನ ಊರುಗೋಲು, ಮಗುವಿನ ಮೊದಲ ಅಂಗಿ, ಇವನ್ನೆಲ್ಲ ಎಸೆಯಲು ಕೈ ಬರುವುದಿಲ್ಲ. ಕಥೆ ಕವನಗಳಲ್ಲಿ ಇದನ್ನು ಬೇಕಾದಷ್ಟು ಓದಿದ್ದೇವೆ. ಓದುವಾಗೆಲ್ಲ ನಮ್ಮೊಳಗೆ ಒಂದು ಪ್ರಶ್ನೆ ಏಳುತ್ತದೆ. ಆ ಕಥೆಗಳ ಹಳೇ ಬಟ್ಟೆ ಒಂದಾನೊಂದು ದಿನ ಅದೇ ಮನೆಯಲ್ಲಿ ಹೊಸದಾಗಿತ್ತು. ಅಂಗಡಿಯಿಂದ ತಂದು, ಅಂಚಿಗೆ ಅರಿಶಿನ ಹಚ್ಚಿ, ಹಬ್ಬದ ದಿನ ಉಟ್ಟದ್ದಾಗಿತ್ತು. ನಮ್ಮ ಕೇರಿಗೆ ಬಂದ ಬಟ್ಟೆ ಬರುವಾಗಲೇ ಹಳೇದು. ಅದರ ಹೊಸತನವನ್ನು ಬೇರೆ ಯಾರೋ ಉಟ್ಟು ಮುಗಿಸಿದ್ದರು. ಹಾಗಾದರೆ ನಮ್ಮವರ ಮಮತೆ ಯಾವುದರ ಮೇಲೆ?

ಇದು ಬರೀ ಬಡತನದ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಬಡವರು ಎಲ್ಲ ಜಾತಿಯಲ್ಲೂ ಇದ್ದಾರೆ, ಹರಿದದ್ದನ್ನು ಎಲ್ಲ ಬಡವರೂ ಉಟ್ಟಿದ್ದಾರೆ. ಆದರೆ ನಮ್ಮವರಿಗೆ ಹಳೇದನ್ನು ಗೊತ್ತುಮಾಡಿದ್ದು ಶಾಸ್ತ್ರ. ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನ, ಸವೆದ ಬಟ್ಟೆ, ಜೊಳ್ಳು ಕಾಳು, ಹಳೇ ಮನೆಸಾಮಾನು ಕೊಡಬೇಕು ಅನ್ನುತ್ತದೆ. ಚಂಡಾಲರಿಗೆ ಅಷ್ಟೂ ಇಲ್ಲ. ಅವರು ಊರ ಹೊರಗೆ ಇರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ, ಹೆಣದ ಮೇಲಿನ ಬಟ್ಟೆಯೇ ಅವರ ಉಡುಗೆ, ಒಡೆದ ಪಾತ್ರೆಯಲ್ಲಿ ಊಟ, ಒಡವೆ ಬೇಕೆಂದರೆ ಕಬ್ಬಿಣದ್ದು. ಬಟ್ಟೆ, ಪಾತ್ರೆ, ಒಡವೆ, ಮೂರನ್ನೂ ಬರೆದವರು ಬಿಟ್ಟಿಲ್ಲ. ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟುವ ವಸ್ತುಗಳು ಇವೇ ಮೂರು ಅನ್ನೋದನ್ನು ಗಮನಿಸಿ.

ಪುಸ್ತಕದಲ್ಲಿದ್ದದ್ದು ಹಳ್ಳಿಯಲ್ಲಿ ಬೇರೆ ಬೇರೆ ಹೆಸರಲ್ಲಿ ನಡೆಯಿತು. ಹಳೇ ಮೈಸೂರು ಸೀಮೆಯಲ್ಲಿ ಹಳೇಮಗ ಎಂಬ ಪದ್ಧತಿ ಇತ್ತು. ಕೇರಿಯ ಒಂದು ಕುಟುಂಬ ಊರೊಳಗಿನ ಒಂದು ಜಮೀನ್ದಾರ ಕುಟುಂಬಕ್ಕೆ ತಲೆತಲಾಂತರದಿಂದ ಅಂಟಿಕೊಂಡಿರಬೇಕು. ಒಡೆಯರ ಮನೆಯ ಮದುವೆಗೂ ಸಾವಿಗೂ ಇವರು ಗೊತ್ತಾದ ಚಾಕರಿ ಮಾಡಬೇಕು. 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ಈ ಪದ್ಧತಿಯನ್ನು ದಾಖಲಿಸಿದ್ದಾರೆ. ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ಉಳಿದ ಅನ್ನ, ಆಗೀಗ ಒಂದು ಹಳೇ ಬಟ್ಟೆ, ಇಂಥ ಚಾಕರಿಗೆ ಸಿಗುತ್ತಿದ್ದದ್ದು ಇಷ್ಟು. ಬಟ್ಟೆಯನ್ನು ಕೈಗೆ ಕೊಡುತ್ತಿರಲಿಲ್ಲ, ಎತ್ತರದಿಂದ ಹಾಕುತ್ತಿದ್ದರು, ಸೆರಗೊಡ್ಡಿ ಹಿಡೀಬೇಕು. 'ತಕ್ಕೊಳ್ಳೇ, ಇನ್ನೂ ಗಟ್ಟಿಯಾಗೈತೆ' ಅನ್ನೋ ಮಾತೂ ಅದರ ಜೊತೆಗೆ ಬೀಳುತ್ತಿತ್ತು.

ಹಳೇದನ್ನು ಕೊಟ್ಟರು ಅನ್ನೋದು ಅರ್ಧ ಚರಿತ್ರೆ. ಹೊಸದನ್ನು ತಡೆದರು ಅನ್ನೋದು ಇನ್ನರ್ಧ. 1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಥಪುರದ ಬಲಾಢ್ಯ ಜಾತಿಯವರು ಅಲ್ಲಿನ ದಲಿತರ ಮೇಲೆ ಎಂಟು ಕಟ್ಟಳೆ ಹೇರಿದರು. ಆಗಿನ ಜನಗಣತಿಯ ಮುಖ್ಯಸ್ಥ ಜೆ.ಎಚ್. ಹಟನ್ ಅವನ್ನು ಬರೆದಿಟ್ಟಿದ್ದಾನೆ. ಚಿನ್ನ ಬೆಳ್ಳಿ ತೊಡಬಾರದು. ಗಂಡಸರು ಮಂಡಿಯಿಂದ ಕೆಳಗೆ, ಸೊಂಟದಿಂದ ಮೇಲೆ ಬಟ್ಟೆ ಹಾಕಬಾರದು. ಕೋಟು, ಅಂಗಿ, ಬನಿಯನ್ ಕೂಡದು. ಹೆಂಗಸರು ಎದೆ ಮುಚ್ಚಬಾರದು. ಚಪ್ಪಲಿ, ಕೊಡೆ ಕೂಡದು. ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಪಾತ್ರೆ ಬಳಸಬಾರದು. ಒಪ್ಪದವರ ಗುಡಿಸಲು ಸುಟ್ಟರು, ಕಾಳಿನ ಕಣಜ ಹಾಳುಮಾಡಿದರು.

ಇದರಲ್ಲಿ ಮಣ್ಣಿನ ಪಾತ್ರೆಯ ಕಟ್ಟಳೆ ಸಣ್ಣದಾಗಿ ಕಾಣುತ್ತದೆ. ಸಣ್ಣದಲ್ಲ. ತಾಮ್ರದ ಹಂಡೆ ಮೂರು ತಲೆಮಾರು ಬಾಳುತ್ತದೆ, ಅದರ ಮೇಲೆ ಹೆಸರು ಕೆತ್ತಿಸಬಹುದು. ಮಡಕೆ ಒಂದು ಮಳೆಗಾಲ ದಾಟಿದರೆ ಹೆಚ್ಚು. ಒಡೆಯುವಂಥದ್ದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ನಿಮ್ಮ ಮನೆಯಲ್ಲಿ ನಿಮ್ಮ ಅಜ್ಜನ ಗುರುತು ಉಳಿಯಕೂಡದು ಅಂತ ಅರ್ಥ. 'ನಿಮ್ಮ ಹಿರಿಯರದ್ದು ಅಂತ ಏನಿದೆ ತೋರಿಸ್ರಿ' ಎಂದು ಇವತ್ತು ಕೇಳುವವರಿಗೆ ನಾವು ಈ ಕಟ್ಟಳೆಯನ್ನೇ ತೋರಿಸಬೇಕು.

ನಮ್ಮ ಜನ ಸುಮ್ಮನೆ ಕೂರಲಿಲ್ಲ. ತಿರುವಾಂಕೂರಿನಲ್ಲಿ ಪುಲಯ ಹೆಂಗಸರು ಕೊರಳಿಗೆ ಕಲ್ಲುಮಣಿಯ ಸರವನ್ನೇ ಹಾಕಬೇಕಿತ್ತು, ಅದು ಅವರ ಜಾತಿಯ ಗುರುತು. 1915ರಲ್ಲಿ ಅಯ್ಯನ್‌ಕಾಳಿಯ ಮಾತಿನಂತೆ ಕೊಲ್ಲಂ ಬಳಿಯ ಪೆರಿನಾಡಿನ ಹೋರಾಟದ ಹೊತ್ತಿಗೆ ಅವರು ಆ ಸರಗಳನ್ನು ಕಿತ್ತೆಸೆದರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಂಗಸರಿಗೇ ಬೇರೆಯಾಗಿ ಮಾತಾಡಿದರು. ಜಾತಿ ಹೇಳುವ ಹಾಗೆ ಸೀರೆ ಉಡಬೇಡಿ, ಮೈತುಂಬ ಹೇರಿಕೊಂಡ ಆ ಅಗ್ಗದ ಲೋಹದ ಒಡವೆ ಬಿಡಿ, ಬಟ್ಟೆ ಹರಿದಿದ್ದರೂ ಶುಚಿಯಾಗಿರಲಿ ಎಂಬುದು ಆ ಮಾತಿನ ಸಾರ. ಊರಿಗೆ ಹೊರಡುವ ಮೊದಲೇ ಅನೇಕರು ಸೀರೆ ಉಡುವ ರೀತಿ ಬದಲಿಸಿದ್ದರು. ಹುಟ್ಟಿದಾಗಿನಿಂದ ಮೈಗಂಟಿದ ವಸ್ತುವನ್ನು ಕಿತ್ತೆಸೆಯುವುದು ಸುಲಭವಲ್ಲ. ಕಲ್ಲುಮಣಿಯ ಸರದ ಮೇಲೂ ಒಬ್ಬ ತಾಯಿಯ ನೆನಪು ಇದ್ದಿರಬಹುದು. ಆದರೂ ಎಸೆದರು.

ಇಲ್ಲಿ ನಮ್ಮ ಗೆಳೆಯರಲ್ಲೇ ಒಂದು ವಾದ ಇದೆ. ಹಾಗಾದರೆ ಎಲ್ಲ ಹಳೇದನ್ನೂ ಸುಟ್ಟುಬಿಡೋಣ ಅನ್ನುತ್ತಾರೆ. ನಮ್ಮ ಕೇರಿಗಳ ಅಜ್ಜಿಯರು ಗೌಡಮ್ಮ ಕೊಟ್ಟ ಸೀರೆ ಅಂತ ಒಂದು ಗಂಟನ್ನು ಜೋಪಾನ ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅದು ಗುಲಾಮಗಿರಿಯ ಮೋಹ ಅಲ್ಲದೆ ಮತ್ತೇನು ಅನ್ನುತ್ತಾರೆ ಈ ಗೆಳೆಯರು. ನಾವು ಒಪ್ಪುವುದಿಲ್ಲ. ಗೌಡಮ್ಮ ಅದನ್ನು ಉಟ್ಟದ್ದು ಎರಡು ವರ್ಷವಾದರೆ ಅಜ್ಜಿ ಉಟ್ಟದ್ದು ಹತ್ತು ವರ್ಷ. ಅದೇ ಸೀರೆಯಲ್ಲಿ ನಾಟಿ ಹಾಕಿದ್ದಾಳೆ, ಅದರಲ್ಲೇ ಮಕ್ಕಳಿಗೆ ತೊಟ್ಟಿಲು ಕಟ್ಟಿದ್ದಾಳೆ, ಅದರ ಸೆರಗಲ್ಲೇ ಕೂಲಿ ಕಾಸು ಗಂಟು ಹಾಕಿದ್ದಾಳೆ. ಕೊಟ್ಟವಳ ಹೆಸರನ್ನು ಅಜ್ಜಿ ಅಭ್ಯಾಸಬಲದಿಂದ ಹೇಳುತ್ತಾಳೆ. ಅವಳು ಜೋಪಾನ ಮಾಡಿರೋದು ತನ್ನ ಬೆವರನ್ನು.

ಆ ಸೀರೆಯೂ ಹರಿದ ಮೇಲೆ ಕೌದಿಯಾಗುತ್ತದೆ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಇದು ಹೆಂಗಸರ ಕೆಲಸ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕೌದಿಯ ಮಾತು ಇಲ್ಲಿ ಹೇಳಲೇಬೇಕು. ಸಿದ್ದಿಗಳ ಹಿರಿಯರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರು. ತಮ್ಮದು ಅಂತ ಒಂದು ವಸ್ತುವನ್ನೂ ಹೊತ್ತು ತರಲಾಗದ ಜನ. ಅವರ ಮಕ್ಕಳು ಮೊಮ್ಮಕ್ಕಳು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಹೋಗಿ, ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಹೂ ಇಡದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ಬೇರೆಯವರು ಉಟ್ಟುಬಿಟ್ಟ ಚಿಂದಿಗೂ ಮಾನ ಇದೆ, ಅದನ್ನು ಕೊಡುವವರು ನಾವು ಅನ್ನುವ ಮಾತು ಇದು.

ಬುದ್ಧನ ಭಿಕ್ಷುಗಳೂ ತಿಪ್ಪೆ, ಸ್ಮಶಾನಗಳಲ್ಲಿ ಬಿದ್ದ ಚಿಂದಿ ಆಯ್ದು ಒಗೆದು ಹೊಲಿದು ಉಡುತ್ತಿದ್ದರು, ಅದಕ್ಕೆ ಪಾಂಸುಕೂಲ ಎಂದು ಹೆಸರು. ಮಗಧದ ಗದ್ದೆಗಳ ಬದುಗಳನ್ನು ನೋಡಿ ಆನಂದ ಚೀವರದ ತುಂಡುಗಳನ್ನು ಜೋಡಿಸಿದ ಎಂದು ವಿನಯ ಪಿಟಕ ಹೇಳುತ್ತದೆ. ಹೆಣದ ಬಟ್ಟೆಯನ್ನು ಮನು ಶಿಕ್ಷೆಯಾಗಿ ಹೊದಿಸಿದ. ಅಂಥದೇ ಬಟ್ಟೆಯನ್ನು ಭಿಕ್ಷುಗಳು ತಾವಾಗಿ ಆರಿಸಿ ಉಟ್ಟರು. ಬಟ್ಟೆ ಒಂದೇ, ಆರಿಸಿಕೊಂಡವರು ಯಾರು ಅನ್ನೋದರಲ್ಲಿ ವ್ಯತ್ಯಾಸ ಇದೆ.

ನಾಗಪುರದ ಹತ್ತಿರ ಚಿಚೋಲಿಯ ಶಾಂತಿವನದಲ್ಲಿ ಬಾಬಾಸಾಹೇಬರ ಉಡುಪು, ಟೈಪ್‌ರೈಟರ್ ಮುಂತಾದ ವಸ್ತುಗಳನ್ನು ಕಾಪಾಡಿ ಇಡಲಾಗಿದೆ. ರಾಜರ ನಿಲುವಂಗಿಗಳಿಗೆ ಅರಮನೆಗಳಿವೆ. ಇದು ಬೇರೆ ತರದ ಸಂಗ್ರಹ. ಬರೀ ಮೈಗೆ ಬಟ್ಟೆ ಕೂಡದು ಅಂದ ದೇಶದಲ್ಲಿ ಅವರು ಹೊಸ ಕೋಟು ಹೊಲಿಸಿ ಹಾಕಿಕೊಂಡರು. ಆ ಕೋಟು ಹಳೇದಾದದ್ದು ಅವರ ಮೈಮೇಲೇ. ಅದಕ್ಕೇ ಅದರ ಮೇಲೆ ನಮಗೆ ಅಷ್ಟು ಮಮತೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಕೋರಿಕೆ. ಕೇರಿಗೆ ಹೋಗಿ, ಅಜ್ಜಿಯರ ಪಕ್ಕ ಕೂತು, ಅವರ ಕೌದಿಯ ಒಂದೊಂದು ತುಂಡಿನ ಕಥೆ ಕೇಳಿ ಬರೆದುಕೊಳ್ಳಿ. ಯಾವ ಮನೆಯಿಂದ ಬಂತು, ಯಾವ ಚಾಕರಿಗೆ ಬಂತು, ಆಮೇಲೆ ಅದರಲ್ಲಿ ಯಾವ ಮಗು ಮಲಗಿತು, ಆ ಮಗು ಯಾವ ಕ್ಲಾಸಿನವರೆಗೆ ಓದಿತು. ತರಗತಿಯಲ್ಲಿ ಎಲ್ಲರೆದುರು ಮಕ್ಕಳನ್ನು ಕೇಳಬೇಡಿ, ಆ ಅವಮಾನ ಸಾಕಾಗಿದೆ. ಮನೆಗೇ ಹೋಗಿ. ಟ್ರಂಕಿನ ತಳದಲ್ಲಿ ಮಡಚಿಟ್ಟ ಮೊದಲ ಮಾರ್ಕ್ಸ್ ಕಾರ್ಡು ಇದ್ದರೆ ಅದನ್ನೂ ನೋಡಿ. ಯಾವುದನ್ನು ಸುಡಬೇಕು, ಯಾವುದನ್ನು ಉಳಿಸಬೇಕು ಅನ್ನೋದನ್ನು ಆ ಅಜ್ಜಿಯರನ್ನು ಕೇಳಿದ ಮೇಲೆ ತೀರ್ಮಾನ ಮಾಡೋಣ. ಅವರು ಹೋದಮೇಲೆ ಕೌದಿ ಇದ್ದರೂ ಅದನ್ನು ಓದಿ ಹೇಳುವವರು ಇರುವುದಿಲ್ಲ.