ಮರುನೇಮಕದ ಹೊತ್ತು: ತಂಡ ಮತ್ತು ಗುರುವಿನ ನಡುವಿನ ಬಿರುಕು ಕುರಿತು ಒಂದು ತೌಲನಿಕ ಅಧ್ಯಯನ

ಪ್ರಸ್ತಾವನೆ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದವರು ಯಾದಗಿರಿ ಜಿಲ್ಲೆಯಲ್ಲಿ ಕಡಿಮೆ. ಆ ಬಂಗಲೆಗೆ ಹೆಸರು ಕೊಟ್ಟ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಇಲ್ಲಿದ್ದರು. 1860ರಲ್ಲಿ ನೌಕರಿ ಮುಗಿಸಿ ಹಿಂದಿರುಗಿದ ಮೇಲೆ ಅವರು ನೆಲೆಸಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅವರ ಆತ್ಮಕಥೆ ಅವರು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಅದಾಗಿ ಏಳು ವರ್ಷಕ್ಕೆ, 1884ರಲ್ಲಿ, ಅದೇ ಐರ್ಲೆಂಡಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತು. ಹರ್ಲಿಂಗ್ ಎಂಬ ಪ್ರಾಚೀನ ಆಟಕ್ಕೆ ನಿಯಮ, ಪಂದ್ಯಾವಳಿ, ಆಡಳಿತ ಮಂಡಳಿ ಒದಗಿದ್ದು ಅದರಿಂದ. ತಂಡಕ್ಕೆ 15 ಜನ. ಕೈಯಲ್ಲಿ ಚಪ್ಪಟೆ ತುದಿಯ ಮರದ ಕೋಲು. ಚರ್ಮ ಹೊದಿಸಿದ ಸಣ್ಣ ಚೆಂಡು. ಚಿನ್ನಿದಾಂಡು ಆಡಿದ ಕಣ್ಣಿಗೆ ಕೋಲಿನ ಬೀಸು ಪರಿಚಿತವೇ, ಓಟ ಮಾತ್ರ ಹಾಕಿಯದು. 2018ರಲ್ಲಿ ಯುನೆಸ್ಕೋ ಈ ಆಟವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಆಟದ ಚರಿತ್ರೆಯಲ್ಲಿ 2008–09ರ ಋತು ಒಂದು ಕಹಿ ಅಧ್ಯಾಯ. ಕಾರ್ಕ್ ಕೌಂಟಿಯ ಆಟಗಾರರು ತಮ್ಮ ಮ್ಯಾನೇಜರ್ ಕೈಕೆಳಗೆ ಆಡುವುದಿಲ್ಲವೆಂದು ಅಂಗಳದಿಂದ ಹೊರಗುಳಿದರು. ನಮ್ಮಲ್ಲಿ ಇದಕ್ಕೆ ಅತಿ ಸಮೀಪದ ಪ್ರಸಂಗ, ಕನ್ನಡಿಗ ಅನಿಲ್ ಕುಂಬ್ಳೆ 2017ರಲ್ಲಿ ಭಾರತ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರ ಹುದ್ದೆ ತೊರೆದದ್ದು. ಇಂಥ ಪ್ರಸಂಗಗಳನ್ನು ಸ್ವಭಾವಗಳ ಘರ್ಷಣೆ ಎಂದು ವಿವರಿಸುವುದು ರೂಢಿ: ಗುರು ಕಠಿಣ, ನಾಯಕ ಹಟಮಾರಿ, ಆಟಗಾರರು ಸೊಕ್ಕಿನವರು. ಆದರೆ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ. ಒಳಗೇ ಇದ್ದ ಬಿರುಕು ಬಹಿರಂಗವಾಗುವುದು ಮೊದಲ ನೇಮಕದ ದಿನವಲ್ಲ, ಸೋಲಿನ ದಿನವೂ ಅಲ್ಲ. ಅವಧಿ ಮುಗಿದು ಮರುನೇಮಕದ ಪ್ರಶ್ನೆ ಬಂದಾಗ. ಆ ಹೊತ್ತನ್ನು ಆಡಳಿತ ಮಂಡಳಿ ಹೇಗೆ ನಿಭಾಯಿಸುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಈ ಲೇಖನದ ಪ್ರತಿಪಾದನೆ ಇದೇ.

ಇಲ್ಲಿ ಎರಡು ಪದಗಳನ್ನು ನಿರ್ದಿಷ್ಟ ಅರ್ಥದಲ್ಲಿ ಬಳಸಿದ್ದೇನೆ. ‘ನೇಮಕ’ ಎಂದರೆ ಮೇಲಿನವರು ಕಾಗದದ ಮೇಲೆ ಕೊಟ್ಟ ಅಧಿಕಾರ. ‘ಒಪ್ಪಿಗೆ’ ಎಂದರೆ ಆ ಅಧಿಕಾರಕ್ಕೆ ಒಳಪಡುವವರು ಮನಸ್ಸಿನಿಂದ ಕೊಟ್ಟ ಮಾನ್ಯತೆ. ಮೊದಲನೆಯದಕ್ಕೆ ಮುಕ್ತಾಯದ ದಿನವಿರುತ್ತದೆ. ಎರಡನೆಯದು ಯಾವಾಗ ತೀರಿತೆಂದು ಯಾವ ಕಡತವೂ ಹೇಳುವುದಿಲ್ಲ.

ಕಾರ್ಕ್: ಅಂಗಳದಿಂದ ಹೊರಗುಳಿದವರು

ಜೆರಾಲ್ಡ್ ಮೆಕಾರ್ಥಿ ಕಾರ್ಕ್‌ಗೆ ಹೊರಗಿನವರಲ್ಲ. ಆಟಗಾರನಾಗಿ ಐದು ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದವರು. 1966ರಲ್ಲಿ ಗೆದ್ದ ತಂಡದ ನಾಯಕರೇ ಅವರು. ಅವರು ಮ್ಯಾನೇಜರ್ ಆಗಿ ಬಂದಾಗ ಕಾರ್ಕ್ ತಂಡವೂ ಸಾಮಾನ್ಯವಾದುದಾಗಿರಲಿಲ್ಲ. 2004 ಮತ್ತು 2005ರಲ್ಲಿ ಪ್ರಶಸ್ತಿ ಗೆದ್ದು, 2006ರ ಫೈನಲ್‌ವರೆಗೂ ಹೋಗಿತ್ತು. ಗೋಲ್‌ಕೀಪರ್ ಡೋನಲ್ ಓಗ್ ಕ್ಯುಸಾಕ್, ಷಾನ್ ಓಗ್ ಓ ಹಾಲ್ಪಿನ್ ಮುಂತಾದವರು ದೇಶದಾದ್ಯಂತ ಮನೆಮಾತಾಗಿದ್ದರು.

ಆ ಆಟಗಾರರಿಗೂ ಕೌಂಟಿಯ ಆಡಳಿತ ಮಂಡಳಿಯಾದ ಕೌಂಟಿ ಬೋರ್ಡಿಗೂ ನಡುವಿನ ಅಸಮಾಧಾನ ಹಳೆಯದು. 2002ರ ಕೊನೆಯಲ್ಲಿ ಸೌಲಭ್ಯಗಳ ಕೊರತೆಯನ್ನು ಮುಂದಿಟ್ಟು ಅವರು ಮೊದಲ ಬಾರಿ ಮುಷ್ಕರ ಹೂಡಿದ್ದರು. 2007–08ರ ಚಳಿಗಾಲದಲ್ಲಿ ಕೌಂಟಿಯ ಗೇಲಿಕ್ ಫುಟ್‌ಬಾಲ್ ತಂಡದ ಮ್ಯಾನೇಜರ್ ನೇಮಕದ ವಿಧಾನವನ್ನು ವಿರೋಧಿಸಿ ಎರಡನೆಯ ಮುಷ್ಕರ ನಡೆಯಿತು. ಅದು ಮಧ್ಯಸ್ಥಿಕೆಯಿಂದ ಬಗೆಹರಿದು, ಮುಂದಿನ ನೇಮಕಗಳಲ್ಲಿ ಆಟಗಾರರ ಮಾತಿಗೂ ಜಾಗ ಸಿಗಬೇಕೆಂಬ ತಿಳಿವಳಿಕೆ ಮೂಡಿತು.

2008ರ ಸೆಮಿಫೈನಲ್‌ನಲ್ಲಿ ಕಾರ್ಕ್ ಕಿಲ್ಕೆನಿಗೆ ಸೋತಿತು. ಮೆಕಾರ್ಥಿಯವರ ಎರಡು ವರ್ಷದ ಅವಧಿ ಮುಗಿದಿತ್ತು. ಆಟಗಾರರ ಪ್ರತಿನಿಧಿಗಳೂ ಇದ್ದ ಸಮಿತಿ ಕೂತಿತು, ಅವರ ಅಸಮ್ಮತಿಯ ನಡುವೆಯೇ ಅಕ್ಟೋಬರ್‌ನಲ್ಲಿ ಮೆಕಾರ್ಥಿಯವರನ್ನು ಮತ್ತೆ ನೇಮಿಸಲಾಯಿತು. ಪ್ರತಿನಿಧಿಗಳಿಗೆ ಕುರ್ಚಿ ಸಿಕ್ಕಿತ್ತು, ಮಾತಿಗೆ ತೂಕ ಸಿಕ್ಕಿರಲಿಲ್ಲ. ಆಟಗಾರರಿಗೆ ಹೆಚ್ಚು ನೋವು ಕೊಟ್ಟದ್ದು ಇದು.

2008ರ ತಂಡದವರು ಹೊಸ ಋತುವಿಗೆ ಬರಲಿಲ್ಲ. ಮೆಕಾರ್ಥಿ ಹೊಸ ಹುಡುಗರನ್ನು ಕಟ್ಟಿಕೊಂಡು ಲೀಗ್ ಪಂದ್ಯಗಳಿಗೆ ಇಳಿದು ಸೋತರು. ಫೆಬ್ರವರಿಯಲ್ಲಿ ಆಟಗಾರರ ಪರವಾಗಿ ಸಾವಿರಾರು ಜನ ಕಾರ್ಕ್ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟರು. 2009ರ ಮಾರ್ಚ್ 10ರಂದು ಮೆಕಾರ್ಥಿ ರಾಜೀನಾಮೆ ಕೊಟ್ಟರು. ಡೆನಿಸ್ ವಾಲ್ಷ್ ಆ ಜಾಗಕ್ಕೆ ಬಂದರು.

ಹರ್ಲಿಂಗ್ ಹವ್ಯಾಸಿಗಳ ಆಟ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಕೌಂಟಿ ತಂಡದ ಆಟಗಾರನಿಗೆ ಸಂಬಳವಿಲ್ಲ. ಅವನು ಶಿಕ್ಷಕನೋ ಬ್ಯಾಂಕ್ ನೌಕರನೋ ಆಗಿದ್ದು ಸಂಜೆ ಅಭ್ಯಾಸಕ್ಕೆ ಬರುತ್ತಾನೆ. ತಂಡ ಬದಲಿಸುವ ದಾರಿಯೂ ಅವನಿಗೆ ಸುಲಭವಲ್ಲ, ಸಾಮಾನ್ಯವಾಗಿ ತನ್ನ ಕೌಂಟಿಗೇ ಆಡಬೇಕು. ಇಂಥವನ ಕೈಯಲ್ಲಿರುವ ಒಂದೇ ಹತಾರು ತನ್ನ ಹಾಜರಿ. ಅದನ್ನು ಹಿಂತೆಗೆದುಕೊಂಡಾಗ ನೇಮಕದ ಕಾಗದಕ್ಕೆ ಬೆಲೆ ಉಳಿಯಲಿಲ್ಲ.

ಕುಂಬ್ಳೆ: ಗೆಲುವಿನ ನಡುವಿನ ಬಿರುಕು

ಕಾರ್ಕ್ ಸೋತ ತಂಡವಾದ್ದರಿಂದ ಸೋಲೇ ಕಾರಣವೆಂದು ವಾದಿಸಬಹುದು. ಕುಂಬ್ಳೆ ಪ್ರಸಂಗ ಆ ವಾದಕ್ಕೆ ಉತ್ತರ. 2016ರ ಜೂನ್‌ನಲ್ಲಿ ಒಂದು ವರ್ಷದ ಅವಧಿಗೆ ಅವರ ನೇಮಕವಾಯಿತು. ಆ ವರ್ಷ ಭಾರತ ಆಡಿದ 17 ಟೆಸ್ಟ್‌ಗಳಲ್ಲಿ 12 ಗೆದ್ದಿತು, 4 ಡ್ರಾ, ಸೋತದ್ದು ಒಂದೇ, ಪುಣೆಯಲ್ಲಿ ಆಸ್ಟ್ರೇಲಿಯಾ ಎದುರು. ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದ, 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ, 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ ವ್ಯಕ್ತಿಯ ಅರ್ಹತೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ನಾಯಕ ವಿರಾಟ್ ಕೊಹ್ಲಿ ಅವರಿಗೆ ಅಪರಿಚಿತರೂ ಅಲ್ಲ: ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ 2009ರಲ್ಲಿ ಕುಂಬ್ಳೆ ನಾಯಕತ್ವದಲ್ಲಿ ಫೈನಲ್ ತಲುಪಿದಾಗ ಕೊಹ್ಲಿ ಅದೇ ತಂಡದ ಎಳೆಯ ಆಟಗಾರ. ಎಂಟು ವರ್ಷಗಳಲ್ಲಿ ಪಾತ್ರಗಳು ಬದಲಾಗಿದ್ದವು.

ತಾರೀಖುಗಳನ್ನು ಗಮನಿಸಬೇಕು. 2017ರ ಮೇ 25ರಂದು, ಚಾಂಪಿಯನ್ಸ್ ಟ್ರೋಫಿ ಶುರುವಾಗಲು ಒಂದು ವಾರವಿರುವಾಗ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಮುಖ್ಯ ತರಬೇತುದಾರ ಹುದ್ದೆಗೆ ಅರ್ಜಿ ಕರೆಯಿತು. ಹುದ್ದೆಯಲ್ಲಿದ್ದವರು ತಂಡದೊಡನೆ ಇಂಗ್ಲೆಂಡಿನಲ್ಲಿದ್ದಾಗಲೇ ಅವರ ಜಾಗಕ್ಕೆ ಹುಡುಕಾಟ ಬಹಿರಂಗವಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿಯ ಸದಸ್ಯ, ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಜೂನ್ ಆರಂಭದಲ್ಲಿ ಸಮಿತಿಯನ್ನು ಬಿಟ್ಟರು. ತಮ್ಮ ಪತ್ರದಲ್ಲಿ ತರಬೇತುದಾರರ ವಿಷಯವನ್ನು ನಡೆಸಿಕೊಂಡ ರೀತಿಯನ್ನೂ ಅವರು ಟೀಕಿಸಿದ್ದರು. ಸಚಿನ್ ತೆಂಡೂಲ್ಕರ್, ಸೌರವ್ ಗಂಗೂಲಿ, ವಿ.ವಿ.ಎಸ್. ಲಕ್ಷ್ಮಣ್ ಇದ್ದ ಸಲಹಾ ಸಮಿತಿ ಕುಂಬ್ಳೆಯೇ ಮುಂದುವರಿಯಲಿ ಎಂದಿತು. ಜೂನ್ 18ರ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತಿತು. ಜೂನ್ 20ರಂದು ಕುಂಬ್ಳೆ ಹುದ್ದೆ ಬಿಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕರಿಗೆ ಆಕ್ಷೇಪವಿದೆಯೆಂದು ಮಂಡಳಿ ತಮಗೆ ಮೊದಲ ಬಾರಿ ತಿಳಿಸಿದ್ದು ಹಿಂದಿನ ದಿನವಷ್ಟೇ ಎಂದು ಅವರು ಬಹಿರಂಗ ಹೇಳಿಕೆಯಲ್ಲಿ ಬರೆದರು.

ಇಡೀ ಪ್ರಕರಣದ ತಿರುಳು ಆ ಮಾತಿನಲ್ಲಿದೆ. ಹುದ್ದೆಗೆ ಅರ್ಜಿ ಕರೆದದ್ದು ಮೇ 25. ಆಕ್ಷೇಪ ಸಂಬಂಧಪಟ್ಟವರ ಕಿವಿಗೆ ಬಿದ್ದದ್ದು ಜೂನ್ 19. ನಡುವಿನ ಇಪ್ಪತ್ತೈದು ದಿನ ಜಗತ್ತೆಲ್ಲ ಆ ಬಿರುಕಿನ ಬಗ್ಗೆ ಮಾತಾಡಿತು. ಮಾತಾಡಬೇಕಾದ ಇಬ್ಬರ ನಡುವೆ ಮಾತಿಗೆ ವೇದಿಕೆ ಕಲ್ಪಿಸಬೇಕಾದ ಸಂಸ್ಥೆ ಅದನ್ನು ಹೊತ್ತಿಗೆ ಸರಿಯಾಗಿ ಮಾಡಲಿಲ್ಲ.

ಒಪ್ಪಿಗೆ ಯಾರದು?

ತಂಡದ ಒಪ್ಪಿಗೆ ಎಂದಾಗ ಅದು ಒಂದೇ ದನಿಯೆಂದು ಭಾವಿಸುವುದು ತಪ್ಪಾದೀತು. 2018ರ ನವೆಂಬರ್‌ನಲ್ಲಿ ಆಂಟಿಗುವಾದಲ್ಲಿ ನಡೆದ ಮಹಿಳಾ ಟಿ–20 ವಿಶ್ವಕಪ್ ಸೆಮಿಫೈನಲ್‌ಗೆ ಮಿಥಾಲಿ ರಾಜ್ ಅವರನ್ನು ಕೈಬಿಡಲಾಯಿತು. ಭಾರತ ಇಂಗ್ಲೆಂಡಿಗೆ ಸೋತಿತು. ತರಬೇತುದಾರ ರಮೇಶ್ ಪೊವಾರ್ ತಮ್ಮನ್ನು ಅವಮಾನಿಸಿದರೆಂದು ಮಿಥಾಲಿ ಮಂಡಳಿಗೆ ಪತ್ರ ಬರೆದರು; ಪೊವಾರ್ ಅದನ್ನು ಒಪ್ಪಲಿಲ್ಲ. ನಾಯಕಿ ಹರ್ಮನ್‌ಪ್ರೀತ್ ಕೌರ್ ಮತ್ತು ಸ್ಮೃತಿ ಮಂಧಾನ ಪೊವಾರ್ ಮುಂದುವರಿಯಲಿ ಎಂದು ಬರೆದರು. ಇಲ್ಲಿಯೂ ಪತ್ರಗಳು ಹೊರಬಂದದ್ದು ಪೊವಾರ್ ಅವಧಿ ಮುಗಿಯುವ ದಿನಗಳಲ್ಲೇ.

ಆದರೆ 2021ರ ಮೇ ತಿಂಗಳಲ್ಲಿ ಅದೇ ಪೊವಾರ್ ಮತ್ತೆ ನೇಮಕಗೊಂಡರು. ಏಕದಿನ ತಂಡದ ನಾಯಕಿಯಾಗಿ ಮಿಥಾಲಿ ಅವರೊಡನೆ 2022ರ ವಿಶ್ವಕಪ್‌ವರೆಗೂ ಕೆಲಸ ಮಾಡಿದರು. ಸ್ವಭಾವವೇ ಮೂಲ ಕಾರಣವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಕಾಲ ಸರಿದು, ಪಾತ್ರಗಳು ಸ್ಪಷ್ಟವಾದಾಗ ಮುರಿದದ್ದೂ ಕೂಡುತ್ತದೆ.

ಸುರಪುರ: ಕಾಗದದ ಅಧಿಕಾರ, ಮನೆಯ ಮಾತು

ಸಂಸ್ಥಾನದ ಆಡಳಿತ ಆಟವಲ್ಲ, ನಾಡಿನ ಜನ ಆಟಗಾರರಲ್ಲ. ಹೋಲಿಕೆಯನ್ನು ಒಂದೇ ಅಂಶಕ್ಕೆ ಸೀಮಿತಗೊಳಿಸಿ ಟೇಲರ್ ಅವರತ್ತ ಮರಳುತ್ತೇನೆ: ಬೇರೆಯವರು ನೇಮಿಸಿ ಕಳಿಸಿದ ಮೇಲ್ವಿಚಾರಕನನ್ನು ಒಂದು ಸಮುದಾಯ ಹೇಗೆ ಬರಮಾಡಿಕೊಳ್ಳುತ್ತದೆ?

ಟೇಲರ್ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಫ್ರೇಸರ್ ಅವರ ಆದೇಶದ ಮೇಲೆ ಬಂದವರು. ಸಂಸ್ಥಾನ ಸಾಲದಲ್ಲಿತ್ತು, ಉತ್ತರಾಧಿಕಾರದ ಜಗಳವಿತ್ತು, ರಾಜಕುಮಾರ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಮಧ್ಯಸ್ಥರಾಗಿ ಬಂದ ಟೇಲರ್ ಮುಂದೆ ಇಡೀ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಬಾಲಕನ ತಾಯಿ ರಾಣಿ ಈಶ್ವರಮ್ಮ ಇದನ್ನು ಒಪ್ಪಲಿಲ್ಲ. ಟೇಲರ್ ಬರವಣಿಗೆಯಲ್ಲಿ ಆಕೆ ತೊಡಕಿನ ಹೆಂಗಸಾಗಿಯೇ ಕಾಣುತ್ತಾರೆ. ತನ್ನ ಮನೆಯ ದೊರೆತನವನ್ನು ಯಾರೋ ಹೊರಗಿನಿಂದ ಬಂದು ನಡೆಸುವುದನ್ನು ಪ್ರಶ್ನಿಸಿದ ರಾಣಿಯಾಗಿ ಆಕೆಯನ್ನು ಓದುವ ಹೊಣೆ ನಮ್ಮದು. ಇತ್ತ ವೆಂಕಟಪ್ಪ ನಾಯಕರು ಟೇಲರ್ ಅವರನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದರು. ಒಂದೇ ಅರಮನೆಯಲ್ಲಿ ತಾಯಿಯ ಅಸಮ್ಮತಿ, ಮಗನ ಮಮತೆ ಎರಡೂ ಇದ್ದವು.

1853ರಲ್ಲಿ ರಾಜರಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟರು. ಐದೇ ವರ್ಷಕ್ಕೆ, 1858ರಲ್ಲಿ, ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಸಿಡಿದೆದ್ದರು, ಸೆರೆಯಾದರು, ಗುಂಡೇಟಿನಿಂದ ತೀರಿಕೊಂಡರು. ಸುರಪುರ ಸಂಸ್ಥಾನ ಮುಗಿಯಿತು. ಟೇಲರ್ ಮತ್ತು ರಾಜರ ನಡುವಿನ ಪ್ರೀತಿ ನಿಜವಾಗಿತ್ತು. ಆದರೆ ಆ ಪ್ರೀತಿ ಇಬ್ಬರ ನಡುವಿನದು. ಆಳುವ ಕಂಪನಿಗೂ ಆಳಿಸಿಕೊಳ್ಳುವ ನಾಡಿಗೂ ನಡುವೆ ಒಪ್ಪಿಗೆ ಎಂಬುದು ಎಂದೂ ಇರಲಿಲ್ಲ. ವ್ಯಕ್ತಿ ಹೋದೊಡನೆ ಅದು ಬಯಲಾಯಿತು. ಗುರು ಎಷ್ಟೇ ಒಳ್ಳೆಯವನಾಗಿರಲಿ, ನೇಮಿಸುವ ಸಂಸ್ಥೆ ಗಳಿಸಬೇಕಾದ ನಂಬಿಕೆಯನ್ನು ಅವನೊಬ್ಬನೇ ಹೊತ್ತು ನಿಲ್ಲಲಾರ.

ಮೂರು ತಾಲೂಕುಗಳ ಅಂಗಳದಲ್ಲಿ

2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲೂಕುಗಳು ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇಲ್ಲಿನ ಶಾಲಾ ಅಂಗಳದ ಆಟಗಳು. ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಕಲಬುರಗಿ ವಿಭಾಗ: ಪ್ರತಿ ಹಂತದಲ್ಲೂ ತಂಡದ ಜೊತೆ ಹೋಗುವ ಮ್ಯಾನೇಜರ್ ಸಾಮಾನ್ಯವಾಗಿ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ, ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಅವರೂ ಆದೇಶದ ಮೇಲೆ ಬಂದವರು. ಮಕ್ಕಳೂ ಕಾರ್ಕ್‌ನವರಂತೆ ಸಂಬಳವಿಲ್ಲದವರು.

ಶಹಾಪುರ, ಸುರಪುರಗಳ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ, ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ, ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೊರಡುವ ಕುಟುಂಬಗಳು: ಈ ನಾಡಿನ ಹುಡುಗನೊಬ್ಬ ಅಭ್ಯಾಸಕ್ಕೆ ಬರಲಿಲ್ಲವೆಂದರೆ ಕಾರಣ ಹಲವು ಸಲ ಹೊಲದಲ್ಲಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದು ಅಶಿಸ್ತು ಎಂದು ದಾಖಲಾಗುತ್ತದೆ. ಕೇಳಿ ತಿಳಿದುಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಹುಡುಗನಿಗೆ ಗುರು ಕಲ್ಲೆದೆಯವರು, ಗುರುವಿಗೆ ಹುಡುಗ ಉಡಾಳ. ಕಾರ್ಕ್‌ನಲ್ಲಿ ಮೆರವಣಿಗೆಯಾದದ್ದು ಇಲ್ಲಿ ಮೌನವಾಗುತ್ತದೆ: ಹುಡುಗ ಆಟ ಬಿಡುತ್ತಾನೆ, ಅಷ್ಟೇ. ಅದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ಸಮಾರೋಪ

ಈ ಪ್ರಸಂಗಗಳಿಂದ ಮೂರು ಸಣ್ಣ ನಿಯಮಗಳನ್ನು ಹೊರತೆಗೆಯಬಹುದು, ಶಾಲಾ ತಂಡಕ್ಕೂ ರಾಷ್ಟ್ರೀಯ ಮಂಡಳಿಗೂ ಅವು ಸಲ್ಲುತ್ತವೆ. ಒಂದು, ಮಾರ್ಗದರ್ಶಕನ ಅವಧಿಯನ್ನೂ ಅದನ್ನು ಪರಿಶೀಲಿಸುವ ದಿನವನ್ನೂ ಋತುವಿನ ಆರಂಭದಲ್ಲೇ ಗೊತ್ತುಪಡಿಸಬೇಕು. ಪಂದ್ಯಾವಳಿಯ ನಡುವೆ ಆ ಪ್ರಶ್ನೆಯನ್ನು ಎತ್ತಬಾರದು. ಎರಡು, ಮರುನೇಮಕಕ್ಕೆ ಮೊದಲು ಆಟಗಾರರನ್ನು ಕೇಳಬೇಕು. ನಾಯಕನೊಬ್ಬನ ಮಾತು ತಂಡದ ಮಾತಲ್ಲ, ಬೆಂಚಿನ ಮೇಲೆ ಕೂತವರದೂ ಸೇರಬೇಕು. ಕೇಳಿದ ಮೇಲೆ ಅದಕ್ಕೆ ವಿರುದ್ಧವಾಗಿ ನಿರ್ಧರಿಸುವ ಹಕ್ಕು ಮಂಡಳಿಗಿದೆ, ಆದರೆ ಕಾರಣವನ್ನು ಆಟಗಾರರಿಗೆ ಹೇಳುವ ಹೊಣೆಯೂ ಇದೆ. ಮೂರು, ಆಕ್ಷೇಪವಿದ್ದರೆ ಅದು ಮೊದಲು ತಲುಪಬೇಕಾದದ್ದು ಗುರುವಿಗೇ, ಎದುರು ಕೂತು, ತಿದ್ದಿಕೊಳ್ಳಲು ಹೊತ್ತಿರುವಾಗ.

ಮೆಕಾರ್ಥಿ ತಾವು ಐದು ಬಾರಿ ಗೆದ್ದುಕೊಟ್ಟ ಊರಿನಲ್ಲೇ ಬೇಡವಾದರು. ಕುಂಬ್ಳೆ ಹದಿನೇಳರಲ್ಲಿ ಹನ್ನೆರಡು ಗೆದ್ದು ಹೊರಟರು. ಕಾರ್ಕ್‌ನ ಆಟಗಾರರೂ ತಮ್ಮ ಬಾಳಿನ ಒಂದು ಅಮೂಲ್ಯ ಋತುವಿನ ಭಾಗವನ್ನು ಕಳೆದುಕೊಂಡರು. ಇವರಲ್ಲಿ ಆಟವನ್ನು ಪ್ರೀತಿಸದವರು ಒಬ್ಬರೂ ಇರಲಿಲ್ಲ. ಕೇಳಬೇಕಾದ ಹೊತ್ತಿಗೆ ಕೇಳದ ಮಂಡಳಿಗಳ ತಪ್ಪಿಗೆ ಗುರುಗಳೂ ಶಿಷ್ಯರೂ ದಂಡ ತೆತ್ತರು. ನಮ್ಮ ತಾಲೂಕಿನ ಅಂಗಳದಲ್ಲಿ ಆ ದಂಡ ತೆರುವುದು ಹದಿಮೂರು ಹದಿನಾಲ್ಕರ ಮಕ್ಕಳು. ‘ನಿನ್ನೆ ಯಾಕ ಬರಲಿಲ್ಲಪ್ಪ?’ ಎಂದು ಪಿ.ಟಿ. ಸರ್ ಕೇಳಿ, ಉತ್ತರ ಮುಗಿಯುವವರೆಗೂ ನಿಂತು ಆಲಿಸಿದರೆ ಅಷ್ಟರಮಟ್ಟಿಗೆ ನಷ್ಟ ತಪ್ಪುತ್ತದೆ. ಆ ಕೇಳುವಿಕೆ ಒಬ್ಬ ಒಳ್ಳೆಯ ಮೇಷ್ಟ್ರ ಗುಣವಾಗಿ ಉಳಿಯದೆ ಸಂಸ್ಥೆಯ ನಡಾವಳಿಯಾಗಬೇಕು.