ಜೀತದ ಬಾಲ್ಯ ಮತ್ತು ರಮ್ಯಕಾವ್ಯ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿರುವ ಸವಳಂಗವು ಇಂದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ್ದರೂ 1997ರವರೆಗೆ ಹೊನ್ನಾಳಿ ತಾಲ್ಲೂಕಿನೊಡನೆ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಮಲೆನಾಡು ಬಯಲಿಗಿಳಿಯುವ ಈ ಸೆರಗಿನ ಸೀಮೆಯಲ್ಲಿ, ಕನ್ನಡನಾಡಿನ ಬೇರೆಡೆಗಳಲ್ಲಿದ್ದಂತೆಯೇ, ಮಕ್ಕಳ ದುಡಿಮೆಯ ಹಳೆಯ ರೂಪವೆಂದರೆ ಜೀತ, ಅಂದರೆ ಸಾಲಕ್ಕೆ ಮೈದುಡಿಮೆಯನ್ನು ಒತ್ತೆಯಿಡುವ ಪದ್ಧತಿ. ಮದುವೆಗೋ ಬರದ ವರ್ಷದ ಹೊಟ್ಟೆಪಾಡಿಗೋ ತಂದೆ ಮುಂಗಡ ಪಡೆದರೆ ಮಗ ಯುಗಾದಿಯಿಂದ ಯುಗಾದಿಗೆ ಸಾಲಕೊಟ್ಟವನ ಮನೆಯ ಆಳಾಗುತ್ತಿದ್ದ. ನಸುಕಿನಲ್ಲೆದ್ದು ಕೊಟ್ಟಿಗೆಯ ಸಗಣಿ ಬಾಚಿ, ದನ ಹೊಡೆದುಕೊಂಡು ಹೋಗಿ, ಸಂಜೆ ಹುಲ್ಲು ಹಾಕಿ ಅಲ್ಲೇ ಮಗ್ಗುಲಲ್ಲಿ ಮಲಗುವ ಹುಡುಗನಿಗೆ ದಕ್ಕುತ್ತಿದ್ದುದು ಊಟ, ಬಟ್ಟೆ, ಒಂದು ಕಂಬಳಿ; ಕೂಲಿಯೆಲ್ಲ ಬಡ್ಡಿಗೆ ವಜಾ ಆಗಿ ಅಸಲು ಉಳಿದುಬಿಡುತ್ತಿದ್ದುದರಿಂದ ಮುಂದಿನ ಯುಗಾದಿಗೆ ಅವನೋ ಅವನ ತಮ್ಮನೋ ಮತ್ತೆ ಅದೇ ಕೊಟ್ಟಿಗೆಗೆ ಬರಬೇಕಾಗುತ್ತಿತ್ತು.

ಇಂಥ ದುಡಿಮೆಯ ಬಾಲ್ಯವನ್ನು ಕಾವ್ಯ ಕಂಡಿತೇ? ಭಾವ, ನಿಸರ್ಗ ಮತ್ತು ಬಾಲ್ಯಕ್ಕೆ ಕಾವ್ಯದಲ್ಲಿ ಮೊದಲ ಮಣೆ ಹಾಕಿದ ಇಂಗ್ಲೆಂಡಿನ ರಮ್ಯ ಕವಿಗಳಲ್ಲಿ ದುಡಿಯುವ ಮಗುವನ್ನು ನೇರವಾಗಿ ಕಂಡವನು ವಿಲಿಯಂ ಬ್ಲೇಕ್. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಸಂಕಲನದಲ್ಲೂ 1794ರಲ್ಲಿ ಅದಕ್ಕೆ ಜೋಡಿಯಾಗಿ ಬಂದ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ನಲ್ಲೂ ಚಿಮಣಿ ಗುಡಿಸುವ ಹುಡುಗನನ್ನು ಕುರಿತ ಒಂದೊಂದು ಕವಿತೆಯಿದೆ. ಇಕ್ಕಟ್ಟಾದ ಹೊಗೆಗೂಡುಗಳೊಳಗೆ ಸಣ್ಣ ಮೈಯವರಷ್ಟೇ ಹತ್ತಬಲ್ಲವರಾದ್ದರಿಂದ ಬಡವರ ಮಕ್ಕಳನ್ನು ಹಣ ಕೊಟ್ಟು ಒಯ್ಯಲಾಗುತ್ತಿತ್ತು. 8 ವರ್ಷದೊಳಗಿನವರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬಾರದೆಂದು 1788ರ ಕಾಯಿದೆ ಹೇಳಿದರೂ ಪದ್ಧತಿ ನಿಂತದ್ದು 1875ರ ಕಾಯಿದೆಯ ನಂತರ. ಮೊದಲ ಕವಿತೆಯ ಹುಡುಗನಿಗೆ ದೇವದೂತನ ಕನಸು ಸಮಾಧಾನ ತರುತ್ತದೆ, ಎರಡನೆಯದರ ಹುಡುಗ ಚರ್ಚಿಗೆ ಹೋದ ತಂದೆತಾಯಿಯನ್ನೂ ಪಾದ್ರಿಯನ್ನೂ ರಾಜನನ್ನೂ ಹೆಸರಿಸಿ ದೂರುತ್ತಾನೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಮೊದಲನೆಯದರ ಸಮಾಧಾನವೇ ಅನುಮಾನಾಸ್ಪದವಾಗುತ್ತದೆ: ಮಗುವನ್ನು ಮರುದಿನವೂ ಕೆಲಸಕ್ಕೆ ಎಬ್ಬಿಸುವುದು ಆ ಕನಸೇ. ಜೀತದ ಮನೆಗಳಲ್ಲಿ ಅದೇ ಕೆಲಸವನ್ನು ಉಂಡ ಮನೆಯ ಋಣದ ಮಾತೂ ಹಣೆಬರಹದ ಮಾತೂ ಮಾಡುತ್ತಿದ್ದವು.

ಆದರೆ ರಮ್ಯಕಾವ್ಯ ಕನ್ನಡಕ್ಕೆ ಬಂದಾಗ ಈ ಕಟುಭಾಗ ಹೆಚ್ಚಾಗಿ ಹೊರಗುಳಿಯಿತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ತಂದ ಹೊಸ ಹಾದಿಯಲ್ಲಿ, ಅಂದರೆ ನವೋದಯ ಕಾವ್ಯದಲ್ಲಿ, ದನ ಕಾಯುವ ಹುಡುಗ ಕೊಳಲೂದುವ ಆನಂದದ ಸಂಕೇತವಾಗಿಯೇ ಬಹುಮಟ್ಟಿಗೆ ಉಳಿದ. ಇದನ್ನು ಕವಿಗಳ ಕಲ್ಲೆದೆ ಎನ್ನಲಾಗದು. ಥಾಮಸ್ ಹುಡ್‌ನ ಕವಿತೆಯನ್ನು ‘ದುಃಖಸೇತು’ವಾಗಿಸಿದ ಶ್ರೀಕಂಠಯ್ಯನವರಿಗೆ ನೊಂದವರ ಪಾಡು ತಿಳಿಯದ್ದೇನಲ್ಲ. ಲಂಡನ್ನಿನ ಹುಡುಗ ಮೈಗೆಲ್ಲ ಮಸಿ ಬಳಿದುಕೊಂಡು ಬೀದಿಯಲ್ಲಿ ಕೂಗುತ್ತ ಹೋಗುತ್ತಿದ್ದನಾದರೆ, ಜೀತದ ಹುಡುಗ ಮನೆಯವನೆಂಬಂತೆ ಹಿತ್ತಿಲಲ್ಲೇ ಇದ್ದುದರಿಂದ ಕಣ್ಣಿಗೆ ಬೀಳುವುದು ತಡವಾಯಿತು.

ಅವನನ್ನು ಮೊದಲು ಹಿಡಿದದ್ದು ಕಾವ್ಯಕ್ಕಿಂತ ಕಾದಂಬರಿ. ಮಕ್ಕಳ ದುಡಿಮೆಯನ್ನು ತಂದೆತಾಯಿ ಒತ್ತೆಯಿಡುವ ಕರಾರು ಅಸಿಂಧುವೆಂದು ಬ್ರಿಟಿಷ್ ಇಂಡಿಯಾದಲ್ಲಿ ಕಾಯಿದೆಯಾದ 1933ರಲ್ಲೇ ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಯಿತು. ಅದರಲ್ಲಿ ಚೋಮನ ಮಕ್ಕಳು ತಂದೆಯ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಅವರಲ್ಲಿ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಮೈಸೂರು ಸಂಸ್ಥಾನದಲ್ಲಿದ್ದ ಸವಳಂಗಕ್ಕೆ ಆ ಕಾಯಿದೆ ಆಗ ಅನ್ವಯಿಸುತ್ತಿರಲಿಲ್ಲ. ಇಲ್ಲಿ 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಕಡ್ಡಾಯ ಶಿಕ್ಷಣಕ್ಕೆ ದಾರಿ ತೆರೆದಿತ್ತಾದರೂ ಶಾಲೆ ಮಾಫಿ ಮಾಡಲಾಗದ ಸಾಲವೊಂದು ಮನೆಯಲ್ಲಿರುತ್ತಿತ್ತು.

ಜೀತದ ಸಾಲಗಳನ್ನು ರದ್ದುಗೊಳಿಸಿದ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಹೊರಟು ಮರುವರ್ಷ ಕಾಯಿದೆಯಾಯಿತು. ದಲಿತ ಕವಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂದದ್ದೂ 1975ರಲ್ಲೇ. ಅವರೇ ಮುಂದೆ ಬರೆದ ‘ಊರುಕೇರಿ’ ಆತ್ಮಕಥೆಯಲ್ಲಿ, ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರನ್ನು ಹೂಡಿ ಉಳುತ್ತಿರುವುದನ್ನು ಬಾಲಕನೊಬ್ಬ ನೋಡುತ್ತಾನೆ, ಅವರಲ್ಲೊಬ್ಬ ಅವನ ತಂದೆ. ಬ್ಲೇಕ್‌ನ ಎರಡನೆಯ ಕವಿತೆಗೆ ಕನ್ನಡದಲ್ಲಿ ನಿಜವಾದ ಜೊತೆ ಸಿಕ್ಕಿದ್ದು ಅನುವಾದಗಳಲ್ಲಲ್ಲ, ಈ ಬರವಣಿಗೆಯಲ್ಲಿ.